ಬರ್ನರಿನ ಕೊಳವೆಯೊಳಗೊಂದು ಮನೆ

ಇನ್ನೊಂದು ಕಬ್ಬಿನ ಟ್ರ್ಯಾಕ್ಟರು ಹೋಯಿತು, ಹಿಂದಿನ ಟ್ರಾಲಿಯಿಂದ ಒಂದು ಜಲ್ಲೆ ಜಾರಿ ರಸ್ತೆಗೆ ಬಿತ್ತು, ಬಸ್ಸೊಂದು ಅದರ ಮೇಲೆ ಹಾದುಹೋಯಿತು, ಸಿಹಿ ವಾಸನೆ, ಡೀಸೆಲ್ ವಾಸನೆ, ಟ್ರ್ಯಾಕ್ಟರಿನವನು ಹಚ್ಚಿದ ಮರಾಠಿ ಹಾಡು ತಿರುವಿನಾಚೆ ಹೋದರೂ ಎದೆಯಲ್ಲಿ ಧಡಧಡ ಅನ್ನುತ್ತಲೇ ಇದೆ, ಅಂಗೈ ತುಂಬ ತುಕ್ಕು, ಸೆರಗಿಗೆ ಒರೆಸಬಾರದು ಅಂದುಕೊಳ್ಳುವಷ್ಟರಲ್ಲಿ ಒರೆಸಿಯೂ ಆಯಿತು, ಹೋಗಲಿ, ಹಳೆಯ ಸೀರೆ, ಹಳೆಯ ಕೈ, ಹಳೆಯ ಗ್ಯಾಸ್ ಗ್ರಿಲ್ಲು — ಬಿಚ್ಚಲೇನ್ರಿ ವೈನಿ, ಬಾಳಾಸಾಬ ಮತ್ತೆ ಕೇಳುತ್ತಾನೆ, ಬೋಲ್ಟ್ ಬಿಚ್ಚುವ ಪಾನಾ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದಾನೆ, ನಿಪ್ಪಾಣಿಯ ಕೆಟ್ಟ ಗ್ಯಾಸ್ ಒಲೆಗಳೆಲ್ಲ ಕೊನೆಗೆ ಬಂದು ಬೀಳುವುದು ಇವನ ಅಂಗಡಿಗೇ, ಬಿಚ್ಚಿದ ಮ್ಯಾಲ ಬ್ಯಾಡ ಅನ್ನಂಗಿಲ್ಲ ಮತ್ತ, ಬೋಲ್ಟ್ ಎಲ್ಲಾ ಜಂಗ್ ಹಿಡದಾವ, ಕಡದ ತಗೀಬೇಕು, ಬರ್ನರ್ ಹ್ವಾದ್ವು, ಕಾಕ್ ಹ್ವಾದ್ವು, ಜಾಳಿ ಒಂದ್ ಗಟ್ಟಿ ಐತಿ ನೋಡ್ರಿ, ನನ್ನ ಮಾತ ಕೇಳ್ರಿ, ಇದಕ್ಕ ಹಾಕೂ ರೊಕ್ಕದಾಗ ಅರ್ಧಾ ಹೊಸಾದ್ ಬರ್ತೈತಿ, ಮೂರ ಕಾಸಿನ ಕುದುರಿಗಿ ಆರ ಕಾಸಿನ ಲಗಾಮ್ ಯಾಕ. ಮೂಲೆಯಲ್ಲಿ ಹೊಸದೊಂದು ಹೊಳೆಯುತ್ತ ನಿಂತಿದೆ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿಲ್ಲ, ಅದನ್ನು ದಾಟಿಸಬೇಕೆಂಬುದೇ ಇವನ ಲೆಕ್ಕ, ನನಗೆ ಗೊತ್ತು, ನಾನೂ ಎಂಟು ವರ್ಷ ತಿಂಡಿಯ ಗಾಡಾ ಹಾಕಿದವಳು, ಒಂದು ಗಿರಾಕಿಗೆ ಎರಡು ಸ್ಯಾಂಡ್‌ವಿಚ್ ತಿನ್ನಿಸುವುದು ಹೇಗೆಂದು ತಿಳಿಯದವಳಲ್ಲ. ಆದರೆ ಹೊಸದನ್ನು ತಟ್ಟಿದರೆ ತಗಡಿನ ಡಬ್ಬಿಯ ಸದ್ದು, ಇದನ್ನು ತಟ್ಟಿದರೆ ಕಬ್ಬಿಣದ್ದು. ಮತ್ತೆ ಹೊಸದು ಬೇಕೆಂದರೆ ಗಂಡನ ಮುಂದೆ ಬಾಯಿಬಿಟ್ಟು ಹೇಳಬೇಕು, ಯಾಕೆ ಬೇಕು, ಯಾವಾಗ ಹಚ್ಚುತ್ತೀ, ಸಂಜೆ ಹಚ್ಚುತ್ತೀಯಾ — ಹಳೆಯದನ್ನು ದುರಸ್ತಿಗೆ ಒಯ್ಯುತ್ತೇನೆ ಅಂದರೆ ಅಷ್ಟೆಲ್ಲ ಮಾತು ಬೇಡ. ಇವರು ಮಾತಾಡಲೂ ಇಲ್ಲ. ಬೆಳಿಗ್ಗೆ ಬೇಡಕಿಹಾಳದಲ್ಲಿ ಹಿತ್ತಲಿನ ತಗಡಿನ ಪತ್ರಾಸಿನ ಕೆಳಗಿನಿಂದ ಟೆಂಪೋಗೆ ಏರಿಸುವಾಗ ನಾನೊಂದು ತುದಿ, ಇವರೊಂದು ತುದಿ, ಬಾಗಿಲಲ್ಲಿ ತಿರುಗುವಾಗ ಬರ್ನರಿನ ಕೊಳವೆ ನನ್ನ ಸೊಂಟಕ್ಕೆ ತಾಗಬಾರದೆಂದು ಅದರ ಬಾಯಿಗೆ ಅಂಗೈ ಅಡ್ಡ ಹಿಡಿದರು, ಸಾವಕಾಶ, ಅಂದರು. ಅಷ್ಟೇ ಮಾತು, ಸಾವಕಾಶ. ನನ್ನ ಸೊಂಟ ಹಿಡಿದುಕೊಂಡಿರುವುದು ಇವರಿಗೆ ನೆನಪಿದೆಯಲ್ಲ ಎಂದು ಟೆಂಪೋದಲ್ಲಿ ದಾರಿಯುದ್ದಕ್ಕೂ ಆ ಒಂದು ಮಾತನ್ನು ಸಕ್ಕರೆ ಹರಳಿನ ಹಾಗೆ ಬಾಯಲ್ಲಿಟ್ಟುಕೊಂಡು ಬಂದೆ.

ಇಚಲಕರಂಜಿಯಲ್ಲಿ ಮುಚ್ಚಿಹೋದ ಹೋಟೆಲ್ಲೊಂದರಿಂದ ತಂದದ್ದು ಇದು, ಆಗ ಇವರ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ, ಬಸ್‌ಸ್ಟ್ಯಾಂಡಿನ ಹತ್ತಿರ ಬೇವಿನ ಮರದ ಕೆಳಗೆ ಗಾಡಾ, ಮೇಲೊಂದು ಬಲ್ಬು, ಉಳ್ಳಾಗಡ್ಡಿ ಇಲ್ಲ ಬೆಳ್ಳುಳ್ಳಿ ಇಲ್ಲ ಆಲೂಗಡ್ಡೆ ಇಲ್ಲ, ಹಾಗಾದ್ರ ಏನೈತಿ ಕಾಕೂ ಎಂದು ಕಾಲೇಜಿನ ಹುಡುಗರು ನಗುತ್ತಿದ್ದರು, ತಿಂದ ಮೇಲೆ ನಗುತ್ತಿರಲಿಲ್ಲ, ಇನ್ನೊಂದ್ ಕೊಡ್ರಿ ಅನ್ನುತ್ತಿದ್ದರು. ನಾಬು ತಿರುವಿದೊಡನೆ ಭಪ್ ಎಂದು ಹೊತ್ತಿ ಸಾಲಾಗಿ ನಿಲ್ಲುವ ನೀಲಿ ಉರಿ, ಪನೀರಿನ ಮೇಲೆ ಕಪ್ಪು ಗೆರೆ ಮೂಡುವ ಹೊತ್ತು, ಮೆಕ್ಕೆತೆನೆಗೆ ನಿಂಬೆ ಉಜ್ಜುವಾಗ ಬೆರಳಿಗೆ ಚುರ್ ಅನ್ನುವುದು, ಆ ಉರಿಯ ಮುಂದೆ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಕಾಕು, ಗ್ರಿಲ್ ಕಾಕು, ನಾಲ್ಕು ಆರ್ಡರು ತಲೆಯಲ್ಲಿ, ಎರಡು ಕೈಯಲ್ಲಿ, ದಣಿವೆಂಬುದು ಮನೆಗೆ ಬಂದ ಮೇಲಷ್ಟೇ ಗೊತ್ತಾಗುತ್ತಿತ್ತು. ಈಗಿನ ದಣಿವು ಬೇರೆ. ಈಗ ಏನೂ ಮಾಡದೆ ದಣಿಯುತ್ತೇನೆ, ಮಧ್ಯಾಹ್ನ ಮಲಗಿ ಎದ್ದರೂ ದಣಿವು, ಅತ್ತೆಯ ಜೊತೆ ಕೂತು ಹಪ್ಪಳ ಒತ್ತುತ್ತ ಆಕೆ ಹೇಳುವ ಅದದೇ ಮಾತು ಕೇಳುತ್ತ ಸೂರ್ಯ ಇಳಿಯುವುದನ್ನು ನೋಡುತ್ತೇನೆ, ಸೂರ್ಯ ಇಳಿಯುವ ಮೊದಲು ಊಟ, ಆಮೇಲೆ ಬಾಗಿಲು, ಆಮೇಲೆ ಗೋಡೆ. ಆಗಲೂ ನಾವು ಹೊತ್ತು ಮುಳುಗುವ ಮೊದಲೇ ಉಣ್ಣುತ್ತಿದ್ದೆವು, ಡಬ್ಬಿ ಕಟ್ಟಿಕೊಂಡು ಹೋಗಿ ಗಾಡಾದ ಹಿಂದೆ ಕೂತು ಉಂಡು ಬಾಯಿ ತೊಳೆದು, ಆಮೇಲೆ ಊರಿಗೆಲ್ಲ ತಿನ್ನಿಸುವುದು, ನಾವು ಉಣ್ಣುವುದಿಲ್ಲ, ಮಾರುತ್ತೇವೆ, ಅದು ನಮ್ಮ ಜೈನ ಬಸ್ತಿಯಲ್ಲಿ ಯಾರಿಗೂ ಗೊತ್ತಿಲ್ಲದ್ದೇನಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಕೇಳಿದ್ದು ಮುನಿ ಮಹಾರಾಜರು, ಹೋದ ವರ್ಷದ ಚಾತುರ್ಮಾಸಕ್ಕೆ ಬಂದು ನಮ್ಮೂರಲ್ಲೇ ನಿಂತಿದ್ದರು, ಪ್ರವಚನದಲ್ಲಿ ಯಾರ ಹೆಸರನ್ನೂ ಹಿಡಿಯದೆ, ರಾತ್ರಿಯ ಬೆಂಕಿಗೆ ಬಂದು ಬೀಳುವ ಹುಳದ ಮಾತು ಹೇಳಿದರು, ಅದಕ್ಕೂ ಬದುಕುವ ಆಸೆ ನಿಮ್ಮಷ್ಟೇ ಅಂದರು, ನಾನು ಹೆಂಗಸರ ಕಡೆ ಕಂಬಕ್ಕೆ ಒರಗಿ ಕೂತು ತೂಕಡಿಸುತ್ತಿದ್ದೆ, ರಾತ್ರಿಯೆಲ್ಲ ಗಾಡಾ ಹಾಕಿ ಬಂದವಳು, ಕಣ್ಣು ಬಿಟ್ಟರೆ ಇವರು ಎದ್ದು ಕೈ ಮುಗಿದು ನಿಂತಿದ್ದಾರೆ. ಹೊತ್ತು ಮುಳುಗಿದ ಮ್ಯಾಲ ಬೆಂಕಿ ಹಚ್ಚಂಗಿಲ್ರಿ ಮಹಾರಾಜ್, ಜೀವಂತ ಇರೂತನಾ. ನವಿಲುಗರಿಯ ಪಿಂಛಿ ಇವರ ತಲೆಯ ಮೇಲೆ ಬಂತು, ಸಭೆಯೆಲ್ಲ ಜೈ ಅಂದಿತು, ಪಕ್ಕದವಳು ನನ್ನ ತೊಡೆ ಹಿಂಡಿ ಪುಣ್ಯಾ ಮಾಡೀದಿ ಬಿಡು ತ್ರಿಶಲಾ, ಇಂಥಾ ಗಂಡ ಸಿಕ್ಕಾನ ಅಂದಳು. ನನಗೆ ಗೊತ್ತಾಗಿದ್ದೂ ಊರಿಗೆ ಗೊತ್ತಾದಾಗಲೇ. ಅದೇ ನೋವು, ಬೇರೇನೂ ಅಲ್ಲ, ಹುಳ ಸಾಯಬಾರದು ಅನ್ನುವುದು ನನಗೂ ಬೇಡವೇ, ದಿನಾ ಗಾಡಾ ಮುಚ್ಚುವಾಗ ಇವರು ಟ್ರೇಯೊಳಗಿನ ರೆಕ್ಕೆಗಳನ್ನು ಪೇಪರಿನಲ್ಲಿ ಗುಡಿಸಿ ಬೇವಿನ ಬುಡಕ್ಕೆ ಹಾಕುತ್ತಿದ್ದರಲ್ಲ, ಸ್ವಚ್ಛ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ, ಎಂಟು ವರ್ಷ ಒಬ್ಬರ ಪಕ್ಕದಲ್ಲಿ ನಿಂತು ಅವರು ಮಾಡುತ್ತಿರುವುದು ಏನೆಂದು ಗೊತ್ತಾಗಿರಲಿಲ್ಲ, ಆದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು, ಗಾಡಾದ ಅರ್ಧ ನನ್ನದು, ಉರಿಯ ಅರ್ಧ ನನ್ನದು. ಮರುದಿನ ಇವರು ಬೀಜ ಗೊಬ್ಬರದ ಅಂಗಡಿಗೆ ಕೆಲಸಕ್ಕೆ ಹೋದರು, ಗ್ರಿಲ್ಲು ಹಿತ್ತಲಿಗೆ ಹೋಯಿತು, ನಾನು ಎಲ್ಲಿಗೂ ಹೋಗಲಿಲ್ಲ. ಜಗಳ ಮಾಡಬಹುದಿತ್ತು. ಯಾರ ಜೊತೆ, ದೇವರಂಥ ಮನುಷ್ಯ ಎಂದು ಊರೇ ಅನ್ನುವವರ ಜೊತೆ ಜಗಳ ತೆಗೆದರೆ ಕೆಟ್ಟವಳು ಯಾರು. ಹೋದ ವಾರ ಧೈರ್ಯ ಮಾಡಿ, ನಾನೊಬ್ಬಳೇ ಹಾಕಿದರೆ ಹೇಗೆ ಗಾಡಾ ಎಂದು ಕೇಳಿದೆ, ಚಹಾ ಕುಡಿಯುತ್ತಿದ್ದರು, ಹಿತ್ತಲ ಕಟ್ಟೆಯ ಮೇಲೆ ಕೂತು ಗ್ರಿಲ್ಲಿನ ಕಡೆಗೇ ನೋಡುತ್ತ, ಈಗೀಗ ಅಲ್ಲೇ ಕೂರುತ್ತಾರೆ ದಿನಾ, ಚಹಾ ಮುಗಿಸಿ ಅಂದರು, ನಿಯಮಾ ನಂದು, ನಿಂದಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೋಗು ಅಂದದ್ದೋ, ಕೈ ತೊಳೆದುಕೊಂಡದ್ದೋ, ಬಿಡಿಸಿ ಕೇಳಲಿಲ್ಲ, ಕೇಳಿದರೆ ಬೇಡ ಅನ್ನಬಹುದಿತ್ತು.

ವೈನಿ, ಹೊತ್ತ ಹೊಂಟೈತ್ರಿ. ಬಾಳಾಸಾಬನ ದನಿ. ಹೌದು, ಎದುರಿನ ಗೋಡೌನಿನ ಗೋಡೆಯ ಮೇಲೆ ಬಿಸಿಲು ಅರ್ಧಕ್ಕೆ ಏರಿದೆ, ಅದು ಛಾವಣಿ ದಾಟಿದರೆ ಮುಗಿಯಿತು. ಬೇವಿನ ಮರದ ಜಾಗವನ್ನು ಮೋಮೋ ಮಾರುವ ಸಂಗ್ರಾಮ ಕೇಳಿದ್ದಾನೆ, ಒಳ್ಳೆಯ ಹುಡುಗ, ಸೋಮವಾರತನಾ ಕಾಯ್ತೀನ್ರಿ ಕಾಕು, ನೀವ ಬರ್ತಿದ್ರ ನಾ ಹಾಕಂಗಿಲ್ಲ ಅಂದಿದ್ದಾನೆ, ಸೋಮವಾರ ಅವನ ಸ್ಟೀಮರ್ ಅಲ್ಲಿ ಬಂತೆಂದರೆ ಆ ಜಾಗ ಈ ಜನ್ಮಕ್ಕೆ ನನಗಿಲ್ಲ, ಮತ್ತೆ ಹಪ್ಪಳ, ಮತ್ತೆ ಗೋಡೆ. ಹಾಗಾದರೆ ಬಿಚ್ಚರಿ ಅನ್ನಬೇಕು, ಬಾಯಿ ತೆರೆದರೆ ಆಯಿತು, ತೆರೆದೂ ಇದ್ದೆ, ಆಗಲೇ ಇವನು ಮೊಬೈಲಿನ ಬೆಳಕು ಹಿಡಿದು ಕೊಳವೆಯೊಳಗೆ ಇಣುಕಿ, ಅರೆ ಇಲ್ ನೋಡ್ರಿ, ಕುಂಬಾರ ಹುಳ ಮನಿ ಮಾಡೈತಿ ಅಂದದ್ದು. ಬಗ್ಗಿದರೆ ಸೊಂಟ ಚಳಕ್ ಅಂದಿತು, ಬಗ್ಗಿ ನೋಡಿದೆ, ಬೆರಳಿನ ಗೆಣ್ಣಿನಷ್ಟು ಒಳಗೆ ಮಣ್ಣಿನ ಮುಚ್ಚಳ, ಬಟಾಣಿ ಗಾತ್ರದ್ದು, ಅಂಗಳ ಸಾರಿಸಿದಷ್ಟು ನಯವಾಗಿ ಸಾರಿಸಿದೆ, ಒಂದು ಬದಿ ಒಣಗಿ ಬೆಳ್ಳಗೆ, ಇನ್ನೊಂದು ಬದಿ ಇನ್ನೂ ಹಸಿ. ಒಳಗೆ ಮೊಟ್ಟೆ, ಮೊಟ್ಟೆಯ ಪಕ್ಕ ಬುತ್ತಿ, ಚಿಕ್ಕವಳಿದ್ದಾಗ ಕೊಟ್ಟಿಗೆಯ ಗೋಡೆಯಲ್ಲಿ ಇಂಥದ್ದನ್ನು ಒಡೆದು ನೋಡಿ ಅವ್ವನಿಂದ ಬೆನ್ನಿಗೆ ಗುದ್ದು ತಿಂದಿದ್ದೆ, ಮರಿ ಎದ್ದಾಗ ತಿನ್ನಲಿ ಎಂದು ಹುಳುಗಳನ್ನು ಹಿಡಿದು ತುಂಬಿಟ್ಟು ಬಾಗಿಲು ಮೆತ್ತಿ ಹೋಗಿರುತ್ತದೆ ತಾಯಿ. ಏನ್ ಇಲ್ರಿ, ಬಾಳಾಸಾಬ ಅನ್ನುತ್ತಾನೆ, ಒಂದ್ ತಂತಿ ಚುಚ್ಚಿ ಮ್ಯಾಲ ಇಷ್ಟ ಬೆಂಕಿ ತೋರಿಸಿದ್ರ ಕ್ಲೀನ್, ನಿಮ್ಮ ಮಂದಿಗಿ ನಡ್ಯಂಗಿಲ್ಲ ಅಂತ ನನಗ ಗೊತ್ತೈತಿ, ನೀವ್ ಆ ಕಡೆ ಮುಖಾ ಮಾಡ್ರಿ, ನಾ ಮುಗಿಸ್ತೀನಿ. ಮರಿ ಹಾರಿ ಹೋಗುವ ತನಕ ಬಿಟ್ಟರೆ ಎಂದು ಕೇಳಿದೆ, ನಕ್ಕ, ಅವು ಹಾರೂದ್ರಾಗ ಸಂಗ್ರಾಮ ಎರಡನೇ ಗಾಡಾ ಹಾಕಿರ್ತಾನ್ರಿ. ಆ ಕಡೆ ಮುಖ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮ ಮನೆಗಳಲ್ಲಿ ಹಾಸಿಗೆಯ ತಿಗಣೆಗೂ ಔಷಧಿ ಹೊಡೆಯಲು ಬೇರೆಯವರನ್ನು ಕರೆಯುತ್ತೇವೆ, ನಾವು ಬಸ್ತಿಗೆ ಹೋಗಿರುತ್ತೇವೆ, ಬರುವಷ್ಟರಲ್ಲಿ ಮನೆ ಸ್ವಚ್ಛ, ನಮಗೂ ಪುಣ್ಯ. ಮುಖ ತಿರುಗಿಸುವುದು ಕಷ್ಟವೇನಲ್ಲ, ಒಂದು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ, ಇವರೂ ಅದನ್ನೇ.

ಆದರೆ ಹಸಿ. ಒಂದು ಬದಿ ಹಸಿ, ಇವತ್ತು ಬೆಳಿಗ್ಗೆಯೇ ಮೆತ್ತಿದ ಮಣ್ಣು, ಎತ್ತುವ ಸ್ವಲ್ಪ ಮೊದಲು, ಅಂದರೆ ಎತ್ತುವಾಗ ಅದು ಅಲ್ಲೇ ಇತ್ತು, ಬಾಯಲ್ಲಿ ಮಣ್ಣಿನ ಉಂಡೆ ಕಚ್ಚಿಕೊಂಡು, ಹಿತ್ತಲಲ್ಲಿ ಏನೋ ಗುಂಯ್ ಅಂದಿತ್ತು, ಹೌದು, ನಾನು ಸೆರಗಿನಿಂದ ಓಡಿಸಿದ್ದೆ. ಇವರು ಓಡಿಸಲಿಲ್ಲ. ಇವರಿಗೆ ಗೊತ್ತಿತ್ತು. ದಿನಾ ಕಟ್ಟೆಯ ಮೇಲೆ ಚಹಾ ಹಿಡಿದು ನೋಡುತ್ತಿದ್ದದ್ದು ಗ್ರಿಲ್ಲನ್ನಲ್ಲ, ಹುಳ ಹೋಗಿ ಬಂದು ಮನೆ ಕಟ್ಟುವುದನ್ನು. ಟೆಂಪೋ ಹೊರಟಾಗ ಗೇಟಿನ ತನಕ ಬರಲಿಲ್ಲ, ಖಾಲಿಯಾದ ಮೂಲೆಯಲ್ಲೇ ನಿಂತುಬಿಟ್ಟರು, ನಾಚಿಕೆ ಅಂದುಕೊಂಡೆ, ನೆರೆಯವರು ನೋಡುತ್ತಾರೆಂದು, ಅಲ್ಲ, ಅದು ಅಲ್ಲಿ ಸುತ್ತುತ್ತಿತ್ತು, ಈಗಲೂ ಸುತ್ತುತ್ತಿರಬೇಕು, ಹಾಗಾದರೆ ಕೊಳವೆಯ ಬಾಯಿಗೆ ಹಿಡಿದ ಅಂಗೈ, ಸಾವಕಾಶ ಅಂದದ್ದು, ನನಗಲ್ಲ. ನನ್ನ ಸೊಂಟಕ್ಕಲ್ಲ. ಒಳಗಿನ ಬಟಾಣಿಯಷ್ಟು ಮಣ್ಣು ಉದುರಬಾರದೆಂದು. ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡ ಮಾತು, ಅದು ಹುಳದ ಮಾತು. ನಗು ಬರುತ್ತದೆ, ಅಳುವೂ ಬರುತ್ತದೆ, ಯಾವುದಕ್ಕೂ ಶಕ್ತಿ ಇಲ್ಲ. ಇಲ್ಲ, ತಡಿ, ಅಷ್ಟು ಗೊತ್ತಿದ್ದೂ ಎತ್ತಿದರಲ್ಲ. ಬೇಡ ಅನ್ನಬಹುದಿತ್ತು, ಒಳಗ ಜೀವ ಐತಿ ಅಂದಿದ್ದರೆ ಸಾಕಿತ್ತು, ನಾನು ಬಿಟ್ಟುಬಿಡುತ್ತಿದ್ದೆ, ಅದು ಇವರಿಗೂ ಗೊತ್ತು, ಅದಕ್ಕೇ ಅನ್ನಲಿಲ್ಲ. ಒಂದು ತುದಿ ಹಿಡಿದರು. ನನಗಾಗಿ ಹಿಡಿದರು, ಅಂಗೈ ಅದಕ್ಕಾಗಿ ಇಟ್ಟರು, ಎರಡೂ ಒಂದೇ ಕೈ, ಅಯ್ಯೋ ಈ ಮನುಷ್ಯ, ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು, ಎಲ್ಲ ನನ್ನ ತಲೆಯ ಮೇಲೆ ಬಿಟ್ಟು ಖಾಲಿ ಮೂಲೆಯಲ್ಲಿ ನಿಂತಿದ್ದಾರೆ. ಬಿಸಿಲು ಛಾವಣಿಯ ಅಂಚಿಗೆ ಬಂತು, ಇನ್ನೊಂದು ಟ್ರ್ಯಾಕ್ಟರು, ಇನ್ನೊಂದು ಹಾಡು, ಬೇವಿನ ಮರದ ಕೆಳಗೆ ಈಗ ಹುಡುಗರು ಸೇರುವ ಹೊತ್ತು, ಭಪ್ ಎಂದು ಸಾಲಾಗಿ ನೀಲಿ, ನನಗೆ ಬೇಕು, ನನಗೂ ಒಂದು ಜೀವ ಇದೆ, ಬೇಕು. ಬಿಚ್ಚರಿ, ಅಂದೆ. ನನ್ನ ದನಿಯೇ, ಗಟ್ಟಿಯಾಗಿಯೇ ಬಂತು. ಹಂಗ ಬರ್ರಿ ದಾರಿಗಿ, ಬಾಳಾಸಾಬ ಎದ್ದ, ತಂತಿ ಹುಡುಕಿದ, ಕಲ್ಲಿಗೆ ತಿಕ್ಕಿ ನೆಟ್ಟಗೆ ಮಾಡಿದ, ಬಂದು ಮೊಣಕಾಲೂರಿ ಕೂತ, ಆ ಕಡೆ ಮುಖಾ ಮಾಡ್ರಿ ವೈನಿ. ನಾನು ಮಾಡಲಿಲ್ಲ. ತಂತಿ ಚುಚ್ಚಲಿಲ್ಲ ಅವನು, ಯಾಕ್ರಿ ಅಂದೆ. ನನ್ನನ್ನು ನೋಡುತ್ತಿದ್ದಾನೆ, ಆಮೇಲೆ ಗ್ರಿಲ್ಲನ್ನು, ಮತ್ತೆ ನನ್ನನ್ನು. ಕೈ ತಗೀರಿ ವೈನಿ, ಅನ್ನುತ್ತಾನೆ. ಯಾವ ಕೈ. ನೋಡುತ್ತೇನೆ, ಕೊಳವೆಯ ಬಾಯಿ, ಅದರ ಮೇಲೆ ಅಡ್ಡ ಒಂದು ಅಂಗೈ, ತುಕ್ಕು ಹತ್ತಿದ್ದು, ನನ್ನದು. ಕೈ ತಗೀರಿ. ಕೊಳವೆಯ ಬಾಯಿಗೆ ಅಡ್ಡ, ಅಂಗೈ.