ಸುಕ್ಕು ಬೀಳದ ಹಾಸಿಗೆ

ಆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಹೆಂಗಸರಿಗೆಂದೇ ಒಂದು ವಿಶ್ರಾಂತಿ ಕೋಣೆ ಇತ್ತು. ಇಲ್ಲ ಎಂದವರ ಬಾಯಲ್ಲಿ ಹುಳ ಬೀಳಲಿ! ಕಬ್ಬಿಣದ ಮಂಚ, ದಪ್ಪ ಹಾಸಿಗೆ, ಅದರ ಮೇಲೆ ಬೆಳ್ಳನೆಯ ಚಾದರ, ಫ್ಯಾನು, ಗೋಡೆಗೊಂದು ಔಷಧದ ಪೆಟ್ಟಿಗೆ. ಬಾಗಿಲ ಮೇಲೆ ‘ನಿಮ್ಮ ಆರಾಮವೇ ನಮ್ಮ ಹೆಮ್ಮೆ’ ಎಂಬ ಬೋರ್ಡು. ಬೋರ್ಡಿನ ಕೆಳಗೆ ಅಂಗೈಯಗಲದ ಬೀಗ.

ಬೀಗದ ಕೈ ಇದ್ದದ್ದು ಕಸ ಗುಡಿಸುವವಳ ಸೊಂಟದಲ್ಲಿ. ಹಾಗಾಗಿ ಅವಳು ಎಲ್ಲರಿಗೂ ಬೀಗದಕ್ಕ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಬೀಗ ತೆಗೆದು, ಚಾದರ ಎಳೆದು ನೀವಿ, ನೆಲ ಒರೆಸುತ್ತಾ ಹಿಮ್ಮುಖವಾಗಿ ನಡೆದು ಹೊರಗೆ ಬರುವುದು. ಹಿಮ್ಮುಖ ಯಾಕೆಂದರೆ, ಒದ್ದೆ ನೆಲದ ಮೇಲೆ ತನ್ನ ಹೆಜ್ಜೆಯೂ ಮೂಡಬಾರದು ನೋಡಿ! ತಪಾಸಣೆಯವರು ಯಾವ ಗಳಿಗೆಯಲ್ಲಾದರೂ ಬರಬಹುದು, ಕೋಣೆ ಕನ್ನಡಿ ಹಾಗಿರಬೇಕು ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. ತಲೆನೋವು, ಸೊಂಟನೋವು ಎಂದು ಬಂದವರನ್ನು ಅವನು ಬೈಯಬೇಕಾಗಿಯೇ ಬರಲಿಲ್ಲ, ಬೀಗದಕ್ಕನೇ ಓಡಿಸುತ್ತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ.

ಈ ಸಲ ಕೇಳಲು ಬಂದವಳು ಅವಳ ಒಡಹುಟ್ಟಿದ ತಂಗಿ. ಅದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ಏಳು ತಿಂಗಳ ಬಸುರಿ. ಹಿಂದಿನ ಬಸಿರು ನಿಂತಿರಲಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಿ ಮಲಗದಿದ್ದರೆ ಇದೂ ಕೈಗೆ ಸಿಗುವುದಿಲ್ಲ ಎಂದು ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು.

“ಊಟದ ಹೊತ್ತಲ್ಲಿ ಅರ್ಧ ಗಂಟೆ ಅಷ್ಟೇ ಕಣಕ್ಕಾ. ಯಾರಿಗೂ ಗೊತ್ತಾಗಲ್ಲ.”

“ಗೊತ್ತಾಗಲ್ವಾ? ಆ ಚಾದರದ ಮೇಲೆ ಸೊಳ್ಳೆ ಕೂತರೂ ಗೊತ್ತಾಗತ್ತೆ. ನನ್ನ ಅನ್ನಕ್ಕೆ ಕಲ್ಲು ಹಾಕಬೇಡ ಮಾರಾಯ್ತಿ.”

“ಮತ್ತೆ ಈ ಮಗೂನೂ ಹೋದ್ರೆ?”

“ಬಿಡ್ತು ಅನ್ನು!” ಎಂದು ಗದರಿದಳು ಬೀಗದಕ್ಕ. ಕೆನ್ನೆ ಸವರಿದಳು, ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟಳು. ಬೀಗ ಮಾತ್ರ ತೆಗೆಯಲಿಲ್ಲ.

ನಾಲ್ಕನೇ ದಿನ ತಂಗಿ ಮಷೀನಿನ ಮೇಲೇ ಕುಸಿದಳು. ನಾಲ್ವರು ಹೆಂಗಸರು ಎತ್ತಿಕೊಂಡು ಓಡಿಬಂದರು. ಬೀಗದಕ್ಕ ಬೀಗ ತೆಗೆದಳು. ತೆಗೆದು ಏನು ಮಾಡಿದಳು ಗೊತ್ತೇ ಆ ಪುಣ್ಯಾತ್ಗಿತ್ತಿ? ಮೂಲೆಯ ಚೀಲದಿಂದ ಚಿಂದಿ ಬಟ್ಟೆ ಎಳೆದು ನೆಲಕ್ಕೆ ಹಾಸಿ, “ಇಲ್ಲಿ ಮಲಗಿಸ್ರೇ” ಎಂದಳು.

“ಅಯ್ಯೋ ಅಕ್ಕಾ, ಮಂಚ ಇದೆಯಲ್ಲೇ!” ಎಂದಳು ಆ ನಾಲ್ವರಲ್ಲೊಬ್ಬಳು, ಗುಂಡಿ ಹೊಲಿಯುವವಳು.

“ಚಾದರ ಈಗ ತಾನೇ ನೀವಿದೀನಿ” ಎಂಬ ಮಾತು ಬೀಗದಕ್ಕನ ಬಾಯಿಂದ ತಾನಾಗಿ ಬಂತು.

ಮ್ಯಾನೇಜರ್ ಏದುಸಿರು ಬಿಡುತ್ತಾ ಬಂದ. ಮೊದಲು ಮಂಚ ನೋಡಿದ, ಆಮೇಲೆ ನೆಲ. “ಸದ್ಯ! ನಿನ್ನಂಥವಳು ಇನ್ನೊಬ್ಬಳು ಸಿಗಲ್ಲ ಬಿಡಮ್ಮ” ಎಂದ.

ಈ ಒಂದು ಮಾತಿಗೆ ಒಂಬತ್ತು ವರ್ಷ ಕಾದಿದ್ದಳು ಬೀಗದಕ್ಕ. ಈಗ ಕಪಾಳಕ್ಕೆ ಬಾರಿಸಿದ ಹಾಗಾಯಿತು. ತಂಗಿ ಚಿಂದಿಯ ಮೇಲೆ ಕಣ್ಣುಬಿಟ್ಟಿದ್ದಳು, ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಿದ್ದಳು. ಅಕ್ಕನ ಕಡೆ ನೋಡುತ್ತಿರಲಿಲ್ಲ. ಬೀಗದಕ್ಕನಿಗೆ ನಾಚಿಕೆಯಿಂದ ಅಳು ಬಂತು.

“ಹಿಡ್ಕೊಳ್ರೇ” ಎಂದು ಬಗ್ಗಿ, ತಂಗಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿದಳು.

“ಏಯ್, ಸುಕ್ಕು! ಸುಕ್ಕಾಗತ್ತೆ!”

“ಅವಳು ಎದ್ದ ಮೇಲೆ ನೀವ್ತೀನಿ ಸಾರ್.”

ಪಕ್ಕದ ಬೀದಿಯ ನರ್ಸಮ್ಮ ಬಂದು ನೋಡಿ, ಮಗು ಗಟ್ಟಿಯಾಗಿದೆ, ತಾಯಿ ಮಲಗಿರಲಿ ಎಂದು ಹೇಳಿ ಹೋದಳು. ಗ್ರಹಚಾರ ನೋಡಿ, ಅವಳು ಹೊರಗೆ ಹೋಗುವಾಗ ತಪಾಸಣೆಯವರು ಒಳಗೆ ಬಂದರು! ಮ್ಯಾನೇಜರ್ ಮುಖ ಚಾದರಕ್ಕಿಂತ ಬೆಳ್ಳಗಾಯಿತು. ಅಧಿಕಾರಿ ಮೇಡಂ ನಿದ್ದೆ ಹೋಗಿದ್ದ ಬಸುರಿಯನ್ನು ನೋಡಿ ದನಿ ತಗ್ಗಿಸಿದರು.

“ಈ ವರ್ಷ ಮೂವತ್ತು ಕಾರ್ಖಾನೆ ನೋಡ್ದೆ. ಮಂಚದ ಮೇಲೆ ಮನುಷ್ಯರನ್ನ ನೋಡಿದ್ದು ಇಲ್ಲೇ” ಎಂದು, ಕಾರ್ಖಾನೆಗೆ ಮೊದಲ ದರ್ಜೆ ಬರೆದು ಹೋದರು.

ಮರುದಿನ ಮ್ಯಾನೇಜರ್ ಬೀಗದಕ್ಕನನ್ನು ಕರೆದ. “ಇನ್ಮೇಲೆ ತಪಾಸಣೆಯವರು ಬಂದಾಗ ಒಬ್ಬಳು ಅಲ್ಲಿ ಮಲಗಿರಲೇಬೇಕು. ಉಳಿದ ದಿನ ಎಂದಿನ ಹಾಗೆ ಬೀಗ.”

“ಆಗಲಿ ಸಾರ್. ಆದ್ರೆ ದಿಢೀರಂತ ಮಲಗು ಅಂದ್ರೆ ಯಾರಿಗೆ ನಿದ್ದೆ ಬರತ್ತೆ? ಕಣ್ಣು ಪಿಳಿಪಿಳಿ ಬಿಡ್ತಾರೆ. ಮೇಡಂಗೆ ನಾಟಕ ಅಂತ ಗೊತ್ತಾಗ್ಬಿಡತ್ತೆ.”

ಮ್ಯಾನೇಜರಿಗೆ ದಿಗಿಲಾಯಿತು. “ಹೌದಲ್ಲ! ಏನು ಮಾಡೋದು?”

“ಅಭ್ಯಾಸ ಬೇಕು ಸಾರ್. ದಿನಾ ಸರದಿ ಮೇಲೆ ಮಲಗಿಸಿ ಕಲಿಸ್ತೀನಿ.”

“ಎಷ್ಟು ಹೊತ್ತು?”

“ಅರ್ಧ ಗಂಟೆ ಸಾಕು. ಬಸುರಿಯರಿಗೆ ಮಾತ್ರ ಒಂದು ಗಂಟೆ, ದಿನಾನೂ. ಅವರು ಕಲಿಯೋದು ಸ್ವಲ್ಪ ನಿಧಾನ.”

ಮ್ಯಾನೇಜರ್ ಗಂಭೀರವಾಗಿ ತಲೆಯಾಡಿಸಿದ.

ಮಧ್ಯಾಹ್ನ ತಂಗಿ ಬಂದು ಮಂಚದ ಮೇಲೆ ಕಾಲು ಚಾಚಿದಳು. ಗೋಡೆ ಕಡೆ ತಿರುಗಿ, “ನನಗಿನ್ನೂ ನಿನ್ನ ಮೇಲೆ ಕೋಪ ಇದೆ” ಎಂದಳು.

“ಇರಲಿ ಕಣೇ. ಮಲ್ಕೊಂಡೇ ಕೋಪ ಮಾಡ್ಕೋ.”

ಬೀಗದಕ್ಕ ಬಾಗಿಲು ಮುಂದಕ್ಕೆ ಮಾಡಿ ಹೊಸ್ತಿಲಲ್ಲಿ ಕೂತಳು. ಬೀಗ ಅವಳ ಮಡಿಲಲ್ಲಿತ್ತು. ಸ್ವಲ್ಪ ಹೊತ್ತಿಗೆ ಗುಂಡಿ ಹೊಲಿಯುವವಳು ತನ್ನ ಸರದಿ ಯಾವಾಗ ಎಂದು ಗಟ್ಟಿಯಾಗಿ ಕೇಳುತ್ತಾ ಬಂದಳು.

“ಶ್!” ಎಂದಳು ಬೀಗದಕ್ಕ. “ಒಳಗೆ ಪಾಠ ನಡೀತಿದೆ.”