ಹಳದಿ ಗೆರೆಯ ಬೋಲ್ಟು

ಬೆಲ್ಟ್ ಜಾರುತ್ತಿತ್ತು. ಮೂರು ವಾರದಿಂದ ಟ್ವೈಲಾ ಪ್ರೂಯಿಟ್‌ಗೆ ಊಟ ಸೇರದಂತೆ ಮಾಡಿದ್ದು ಇದೇ ಎಂದು ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಅರ್ಧ ನಿಜ, ಅರ್ಧ ಸುಳ್ಳು.

ಅಪ್ಪನ ಬಿಳಿ ಪಿಕಪ್ಪಿಗೆ ಅಪ್ಪ ಮಗಳು ಸೇರಿ ಸೂಪರ್‌ಚಾರ್ಜರ್ ಕೂರಿಸಿದ್ದರು. ಇಂಜಿನ್ನಿನ ಬಾಯಿಗೆ ಗಾಳಿ ತುರುಕುವ ಯಂತ್ರ ಅದು, ರೇಸಿನವರ ಬಾಯಲ್ಲಿ ಬ್ಲೋವರ್. ಇಂಜಿನ್ನಿನಿಂದಲೇ ಒಂದು ಅಗಲವಾದ ಬೆಲ್ಟಿನ ಮೂಲಕ ತಿರುಗುತ್ತದೆ. ಬೆಲ್ಟ್ ಪುಲ್ಲಿಯನ್ನು ಕಚ್ಚಿಕೊಂಡಿದ್ದರೆ ಗಾಡಿ ಹುಲಿ, ಜಾರಿತೋ ಮುದಿ ಎತ್ತು. ಕಾಲು ಮೈಲಿಯ ರೇಸಿನ ಓಟದಲ್ಲಿ ಅರ್ಧ ದಾರಿಯವರೆಗೆ ಗಾಳಿಯ ಒತ್ತಡ ತೋರಿಸುವ ಮುಳ್ಳು ಹತ್ತರಲ್ಲಿ ನಿಂತಿರುತ್ತಿತ್ತು. ಇಂಜಿನ್ ಕಿರುಚತೊಡಗಿದ ಮೇಲೆ, ಅಂದರೆ ಗಾಳಿ ನಿಜವಾಗಿ ಬೇಕಾದಾಗ, ಏಳಕ್ಕೆ ಇಳಿಯುತ್ತಿತ್ತು. ಬಾನೆಟ್ ಎತ್ತಿದರೆ ಪುಲ್ಲಿಗಳ ಸುತ್ತಲೂ ಸವೆದ ರಬ್ಬರಿನ ಕರಿ ಪುಡಿ.

ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ, ಆ ವರ್ಷದ ಕೊನೆಯ ರೇಸಿನ ದಿನ, ಟ್ವೈಲಾ ಮೊದಲ ಓಟ ಓಡಿಸಿ ಬಂದಾಗಲೂ ಅದೇ ಕತೆ. ಪಕ್ಕದ ಗಾಡಿಯ ಗಾರ್ಲಂಡ್ ಬಾನೆಟ್ಟಿನೊಳಗೆ ಮೂಗು ತೂರಿಸಿದ. ಅವನೂ ಅಪ್ಪನೂ ಐವತ್ತು ವರ್ಷದಿಂದ ಒಬ್ಬರಿಗೊಬ್ಬರು ಸೋಲುತ್ತ ಬಂದವರು.

"ಏನೋ ಡಾಯಲ್, ಗಾಡಿಗೆ ಬ್ಲೋವರ್ ಹಾಕಿದ್ದೀಯೋ ಹಿಟ್ಟಿನ ಗಿರಣಿ ಹಾಕಿದ್ದೀಯೋ? ಒಂದು ಸೇರು ಪುಡಿ ಬಿದ್ದೈತೆ ಇಲ್ಲಿ!"

"ನಿನ್ನ ಗಾಡಿ ಓಡೋದನ್ನ ಅಳೆಯೋಕೆ ಗಡಿಯಾರ ಸಾಲಲ್ಲ, ಕ್ಯಾಲೆಂಡರ್ ಬೇಕು. ಮುಚ್ಕೊಂಡು ಕಾಫಿ ಕುಡಿಯೋ," ಎಂದ ಅಪ್ಪ.

ಟ್ವೈಲಾ ನಕ್ಕಳು. ಅಪ್ಪ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದ. ಅದನ್ನು ನೋಡಿ ಅವಳು ಬೇರೆ ಕಡೆ ತಿರುಗಿದಳು.

ಡಾಯಲ್ ಪ್ರೂಯಿಟ್‌ಗೆ ಎಪ್ಪತ್ತೊಂದು ವರ್ಷ. ಓಕ್ಲಹೋಮಾದ ಆ ಸಣ್ಣ ಊರಿನಲ್ಲಿ ನಲವತ್ತನಾಲ್ಕು ವರ್ಷದಿಂದ ಗಾಡಿ ರಿಪೇರಿಯ ಶೆಡ್ಡು ನಡೆಸಿಕೊಂಡು ಬಂದವನು. ವಸಂತದಲ್ಲಿ ಡಾಕ್ಟರು ಕತ್ತಿನ ಚಿತ್ರ ತೆಗೆಸಿ, ಕೈಗೆ ಹೋಗುವ ನರಗಳು ಒಣಗುತ್ತಿವೆ, ಆಪರೇಷನ್ ಮಾಡಿದರೂ ಹೋದದ್ದು ಬರುವುದಿಲ್ಲ ಎಂದಿದ್ದರು. ಅಪ್ಪ ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಹೇಳಿದ್ದ: "ಒಂದು ಬೋಲ್ಟು ಬಿಗಿಸೋಕೆ ಆಗದೇ ಇರೋ ದಿನ ಶೆಡ್ಡಿಗೆ ಹೋಗೋದು ನಿಲ್ಲಿಸ್ತೀನಿ. ಆಮೇಲೆ ನಾನು ಎಷ್ಟು ದಿನ ಇರ್ತೀನೋ ನೀನೇ ಲೆಕ್ಕ ಹಾಕ್ಕೊ."

ಟ್ವೈಲಾ ಲೆಕ್ಕ ಹಾಕಿದ್ದಳು. ಭಾನುವಾರ ಶೆಡ್ಡು ಮುಚ್ಚಿದರೆ ಸಂಜೆಯೊಳಗೆ ಮುಖ ಸಪ್ಪೆ ಮಾಡಿಕೊಂಡು ಮೂಲೆ ಹಿಡಿಯುವ ಮನುಷ್ಯ ಅವನು. ಏಳು ದಿನವೂ ಭಾನುವಾರವಾದರೆ ಏನಾಗುತ್ತಾನೆ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಆ ಶೆಡ್ಡಿಗೆ ಒಂದು ಪದ್ಧತಿ ಇತ್ತು. ಬೋಲ್ಟು ಬಿಗಿಸಿದವನು ಅದರ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಬೋಲ್ಟು ಸಡಿಲವಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಇದು ಎಲ್ಲ ಕಡೆಯೂ ಇರುವುದೇ. ಆದರೆ ಡಾಯಲ್‌ನ ಶೆಡ್ಡಿನಲ್ಲಿ ಗೆರೆಯೆಂದರೆ ಸಹಿ. ಅಪ್ಪನದು ಹಳದಿ, ಮಗಳದು ಬಿಳಿ. ಒಬ್ಬರು ಗೆರೆ ಎಳೆದ ಬೋಲ್ಟಿಗೆ ಇನ್ನೊಬ್ಬರು ಸ್ಪ್ಯಾನರ್ ಇಟ್ಟರೆ, ನಿನ್ನ ಕೆಲಸದ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಯೌವನದಲ್ಲಿ ಗಾರ್ಲಂಡ್ ಒಮ್ಮೆ "ಸುಮ್ನೆ ನೋಡ್ದೆ ಕಣೋ" ಎಂದು ಹಾಗೆ ಮಾಡಿದ್ದಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದರು. ಬಿಗಿ ಎಷ್ಟೆಂದು ಅಳೆದು ಟಕ್ಕೆನ್ನುವ ಸ್ಪ್ಯಾನರ್ ಒಂದಿತ್ತು. ಅಪ್ಪ ಅದನ್ನು ಮುಟ್ಟಿದವನಲ್ಲ. ಬಿಗಿ ಎಷ್ಟೆಂದು ಕೈಗೇ ಗೊತ್ತಾಗಬೇಕು ಎನ್ನುತ್ತಿದ್ದ.

ಈ ಮೂರು ವಾರದಲ್ಲಿ ಟ್ವೈಲಾ ಏನೆಲ್ಲ ಮಾಡಿರಲಿಲ್ಲ! ಹೊಸ ಬೆಲ್ಟ್ ತಂದಳು, ಸ್ವಲ್ಪ ಗಿಡ್ಡನೆಯದು. ಪುಲ್ಲಿಗಳನ್ನು ಸೋಪು ಹಚ್ಚಿ ತೊಳೆದಳು. ಎಲ್ಲವೂ ಒಂದೇ ಸಾಲಿನಲ್ಲಿವೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ನೋಡಿದಳು. ಬೆಲ್ಟನ್ನು ಎಳೆದು ಹಿಡಿಯುವ ಸ್ಪ್ರಿಂಗನ್ನು ಬದಲಿಸಿದಳು. ನುಣುಪು ಪುಲ್ಲಿ ತೆಗೆದು ಉಪ್ಪುಕಾಗದದಂಥ ಒರಟು ಮೈಯ ಪುಲ್ಲಿ ಹಾಕಿದಳು. ಅಪ್ಪ ಮೊದಲ ದಿನವೇ ದಪ್ಪ ಉಕ್ಕಿನ ತಗಡು ಕತ್ತರಿಸಿ, ಅದರ ತುದಿಗೆ ಇನ್ನೊಂದು ಪುಟ್ಟ ಪುಲ್ಲಿ ಸೇರಿಸಿ, ಅದು ಬೆಲ್ಟನ್ನು ಬೆನ್ನಿನಿಂದ ಒತ್ತುವಂತೆ ಮಾಡಿದ್ದ. ಹಾಗೆ ಒತ್ತಿದರೆ ಬೆಲ್ಟ್ ಬ್ಲೋವರಿನ ಪುಲ್ಲಿಯನ್ನು ಇನ್ನಷ್ಟು ಸುತ್ತಿಕೊಳ್ಳುತ್ತದೆ, ಜಾರುವುದಿಲ್ಲ. ಉಪಾಯ ಚಿನ್ನದಂಥದ್ದು. ಹಿಂದೆ ಮುಂದೆ ಸರಿಸಲು ತಗಡಿಗೆ ಉದ್ದನೆಯ ತೂತುಗಳು, ಮೂರು ಬೋಲ್ಟು, ಮೂರು ಹಳದಿ ಗೆರೆ. ಟ್ವೈಲಾ ಎಲ್ಲವನ್ನೂ ಬಿಚ್ಚಿ ನೋಡಿದ್ದಳು, ಆ ಮೂರನ್ನು ಬಿಟ್ಟು.

ಅಪ್ಪ ಗಾರ್ಲಂಡನ ಇಂಜಿನ್ನನ್ನು ಬೈಯಲು ಆಚೆ ಹೋದಾಗ ಅವಳು ಟಾರ್ಚು ಹಿಡಿದು ಬಗ್ಗಿದಳು. ಗೆರೆಗಳು ಮೂರೂ ನೆಟ್ಟಗಿದ್ದವು. ಬೋಲ್ಟು ತಿರುಗಿರಲಿಲ್ಲ. ಆದರೆ ಪ್ರತಿ ಬೋಲ್ಟಿನ ಪಕ್ಕದಲ್ಲೂ ತಗಡಿನ ಮೇಲೆ ಒಂದು ಉಗುರಿನಷ್ಟು ಅಗಲದ, ಉಜ್ಜಿ ಹೊಳೆಯುವ ಗುರುತು ಇತ್ತು. ವೇಗ ಏರಿದಾಗ ತಗಡು ಬೋಲ್ಟಿನ ಅಡಿಯಲ್ಲೇ ಹಿಂದಕ್ಕೆ ಸರಿಯುತ್ತಿತ್ತು, ಆಮೇಲೆ ಮರಳುತ್ತಿತ್ತು. ಸರಿಯಾಗಿ ಕಚ್ಚಿದ ಬೋಲ್ಟಿನ ಕೆಳಗೆ ಉಕ್ಕು ಹಾಗೆ ಅಲ್ಲಾಡುವುದಿಲ್ಲ.

ಟಾರ್ಚು ಆರಿಸಿದಳು. ಗೊತ್ತಿಲ್ಲದ್ದೇನೂ ಗೊತ್ತಾಗಿರಲಿಲ್ಲ. ಮೂರು ವಾರದಿಂದ ಇದನ್ನೊಂದನ್ನು ನೋಡಬಾರದೆಂದೇ ಉಳಿದದ್ದನ್ನೆಲ್ಲ ಬಿಚ್ಚಿ ಕಟ್ಟುತ್ತಿದ್ದಳು.

ಸುತ್ತ ನೋಡಿ ಸ್ಪ್ಯಾನರ್ ಇಟ್ಟು ಬಿಗಿಸಿದಳು. ಬೋಲ್ಟು ತಡೆಯಲೇ ಇಲ್ಲ, ಅರ್ಧ ಸುತ್ತು ಸಲೀಸಾಗಿ ತಿರುಗಿತು. ಮಕ್ಕಳು ಬಿಗಿಸಿದ ಹಾಗಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಅಪ್ಪ ಅಂದು ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ ಸ್ಪ್ಯಾನರ್ ಎಳೆದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಅವನಿಗೆ ಅದು ಬಿಗಿ ಎಂದೇ ಅನ್ನಿಸಿತ್ತು. ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿದ್ದನಲ್ಲ. ಟ್ವೈಲಾ ಬಾನೆಟ್ಟಿನ ಮರೆಯಲ್ಲಿ ನಿಂತು ಅತ್ತಳು. ಆಮೇಲೆ ಹಳೆಯ ಗೆರೆ ಒರೆಸಿ, ಸಲಕರಣೆ ಪೆಟ್ಟಿಗೆಯಲ್ಲಿದ್ದ ಅಪ್ಪನ ಹಳದಿ ಪೆನ್ನನ್ನೇ ತೆಗೆದು, ಅವನ ಗೆರೆಗಳನ್ನು ಎಳೆದಳು.

ಎರಡನೆಯ ಓಟದಲ್ಲಿ ಮುಳ್ಳು ಹತ್ತರಿಂದ ಕದಲಲಿಲ್ಲ. ಗಾಡಿ ಕೊನೆಯ ಗೆರೆಯವರೆಗೆ ಒಂದೇ ಉಸಿರಿನಲ್ಲಿ ಎಳೆಯಿತು. ಹನ್ನೆರಡೂವರೆ ಸೆಕೆಂಡಿನ ಗಾಡಿ ಹನ್ನೊಂದೂ ಮುಕ್ಕಾಲಿಗೆ ಬಂದಿತ್ತು.

"ಥೂ ಇವ್ನ! ಮುದುಕ ಗೆದ್ದ ಕಣ್ರೋ! ಆ ಕಬ್ಬಿಣದ ತುಂಡೇ ಇದನ್ನ ಮಾಡಿದ್ದು. ಲೋ ಡಾಯಲ್, ನಿನ್ನ ಕೈಗೆ ಇನ್ನೂ ತುಕ್ಕು ಹಿಡಿದಿಲ್ಲ," ಎಂದು ಗಾರ್ಲಂಡ್ ಅಪ್ಪನ ಬೆನ್ನಿಗೆ ಗುದ್ದಿ, ತನ್ನ ಸರದಿ ಬಂತೆಂದು ಓಡಿದ.

ಅಪ್ಪನ ಮುಖ ಅರಳಿತ್ತು. ಬಗ್ಗಿ, ತನ್ನ ತಗಡನ್ನು ನೋಡಿ, ಮುದ್ದಿನ ಕುದುರೆ ಸವರುವ ಹಾಗೆ ಬೋಲ್ಟಿನ ಮೇಲೆ ಹೆಬ್ಬೆರಳು ಆಡಿಸಿದ. ದಪ್ಪನಾಗಿ ಎಳೆದ ಬಣ್ಣ ಬೆಳಗಿನ ಚಳಿಗೆ ಇನ್ನೂ ಪೂರ್ತಿ ಆರಿರಲಿಲ್ಲ. ಬೆರಳು ಹಳದಿಯಾಯಿತು. ಆ ಬೆರಳನ್ನು ಅವನು ಬಹಳ ಹೊತ್ತು ನೋಡಿದ. ಟ್ವೈಲಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಎಷ್ಟು ತಿರುಗ್ತು?" ಎಂದ ಅಪ್ಪ.

"ಏನಪ್ಪಾ?"

"ಸ್ಪ್ಯಾನರ್ ಇಟ್ಟಾಗ ಎಷ್ಟು ತಿರುಗ್ತು ಅಂದೆ."

ಒಂದು ಕೂದಲೆಳೆಯಷ್ಟು ಎಂದು ಹೇಳಲು ಬಾಯಿ ತೆರೆದಳು. "ಅರ್ಧ ಸುತ್ತು."

"ಮೂರೂನಾ?"

"ಮೂರೂ."

ಅಪ್ಪ ಮೆಲ್ಲಗೆ ಪಕ್ಕದ ಟೈರಿನ ಮೇಲೆ ಕೂತ. ಟ್ವೈಲಾ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇದೊಂದಕ್ಕೆ ಯಾಕಪ್ಪ ಯೋಚ್ನೆ ಮಾಡ್ತೀಯ? ಇನ್ಮೇಲೆ ನೀನು ಹೇಳು, ನಾನು ಬಿಗಿಸ್ತೀನಿ. ಯಾರಿಗೂ ಗೊತ್ತಾಗೋದು ಬೇಡ. ಗೆರೆ ನಿಂದೇ ಇರ್ಲಿ," ಎಂದಳು. ಮೂರು ವಾರದಿಂದ ಒಳಗೊಳಗೇ ಕಟ್ಟಿಕೊಂಡಿದ್ದ ಮಾತು ಅದು. ಪ್ರೀತಿಯ ಮಾತೆಂದೇ ತಿಳಿದಿದ್ದಳು.

ಅಪ್ಪ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. "ಮಂಗಳವಾರ ಲಿಯೋಟಾ ಗಾಡಿಗೆ ಹೊಸ ಬ್ರೇಕ್ ಕೂರಿಸಿದ್ದು ಯಾರು?"

ಲಿಯೋಟಾ ಅವರ ಶೆಡ್ಡಿನ ಹಳೆಯ ಗಿರಾಕಿ.

"ನಾಲ್ಕು ಚಕ್ರಾನೂ ನಾನೇ ಬಿಗಿಸಿದ್ದು ಕಣವ್ವ. ಹಳದಿ ಗೆರೆ ಎಳೆದು ಕಳಿಸಿದ್ದೀನಿ. ಇವತ್ತು ಮಧ್ಯಾಹ್ನ ಮೊಮ್ಮಗಳನ್ನ ಕೂರಿಸ್ಕೊಂಡು ಟಲ್ಸಾ ಸಿಟಿಗೆ ಹೋಗ್ತೀನಿ ಅಂದಿದ್ಳು."

ಬೆಲ್ಟ್ ಜಾರಿದರೆ ಒಂದು ಓಟ ಹೋಗುತ್ತದೆ, ಅಷ್ಟೇ. ಅಪ್ಪನ ಮಾನ ಉಳಿಸಲು ಹೊರಟವಳಿಗೆ ಊರಿನವರ ಚಕ್ರಗಳ ನೆನಪೇ ಬಂದಿರಲಿಲ್ಲ. ನಾಚಿಕೆಯಿಂದ ಅವಳ ಕಣ್ಣು ಉರಿಯಿತು.

"ನಾನು ಫೋನ್ ಮಾಡ್ತೀನಿ," ಎಂದು ಎದ್ದಳು. "ಬೋಲ್ಟಿನ ಪೆಟ್ಟಿಗೆಯೇ ಕೆಟ್ಟದ್ದು ಬಂದಿತ್ತು ಅಂತ ಏನೋ ಒಂದು ಹೇಳ್ತೀನಿ."

"ಫೋನ್ ಹಚ್ಚಿ ಇಲ್ಲಿ ಕೊಡು."

"ಅಪ್ಪಾ—"

"ಕೊಡು ಅಂದೆ."

ಅವನ ಬೆರಳುಗಳು ಫೋನನ್ನು ಹಿಡಿದು ನಿಲ್ಲಿಸಲಾರದೆ ಜಾರಿಸಿದವು. ಟ್ವೈಲಾ ಎತ್ತಿ ಅವನ ಕಿವಿಗೆ ಹಿಡಿದಳು. ಗಂಟೆ ಹೊಡೆಯುತ್ತಲೇ ಇತ್ತು. ಕೊನೆಗೆ ಆ ಕಡೆಯಿಂದ ಹೆಂಗಸಿನ ದನಿ, ಅದರ ಹಿಂದೆ ಮಗುವಿನ ಗಲಾಟೆ.

"ಲಿಯೋಟಾ, ನಾನು ಡಾಯಲ್. ಎಲ್ಲಿದ್ದೀಯವ್ವ? ಮನೇಲೇನಾ? ಒಳ್ಳೇದಾಯ್ತು, ಒಳ್ಳೇದಾಯ್ತು. ಗಾಡಿ ತೆಗೀಬೇಡ. ಅಂಗಡಿಗೂ ತೆಗೀಬೇಡ. ನನ್ನ ಮಗಳು ಬಂದು ಚಕ್ರ ಎಲ್ಲಾ ಮತ್ತೆ ಬಿಗಿಸ್ತಾಳೆ." ಲಿಯೋಟಾ ಏನೋ ಕೇಳಿದಳು. "ಇಲ್ಲ, ಬೋಲ್ಟೆಲ್ಲ ಚೆನ್ನಾಗೈತೆ. ನನ್ನ ಕೈ ಹೋಗೈತೆ ಲಿಯೋಟಾ. ನನಗೂ ಈಗಲೇ ಗೊತ್ತಾಗಿದ್ದು."

ಟ್ವೈಲಾ ಅವನ ಕಿವಿಯಿಂದ ಫೋನು ತೆಗೆದಳು. ಅಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ವಸಂತದಿಂದ ಇಲ್ಲಿಯವರೆಗೆ ಶೆಡ್ಡಿಗೆ ಬಂದ ಗಾಡಿಗಳನ್ನು ಅವನು ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದ, ತುಟಿ ಅಲ್ಲಾಡುತ್ತಿತ್ತು.

"ಈಗ ಶಾಲೆ ಮೇಷ್ಟರಿಗೆ ಫೋನ್ ಹಚ್ಚು," ಎಂದ.