ಚೆನ್ನಪ್ಪನ ಬುತ್ತಿ

ಯಾವ ಕೆಲಸಕ್ಕೂ "ನಾನು ಮಾಡ್ತೇನೆ" ಎಂದು ಮುಂದೆ ಬೀಳುವ ಚಾಳಿ ಮಮ್ಮುವಿನದು. ಬೋಳಾರದ ಹೆಂಚಿನ ಕಾರ್ಖಾನೆಯಲ್ಲಿ ಉಳಿದವರೆಲ್ಲ ನೆಲ ನೋಡುತ್ತಾ ನಿಂತರೆ ಇವನ ಬಾಯಿ ಸುಮ್ಮನಿರಬೇಕಲ್ಲ! ನಯಾ ಪೈಸೆ ಹೊಸತಾಗಿ ಬಂದಿದ್ದ ಆ ವರ್ಷವೂ ಹಾಗೆಯೇ ಆಯಿತು.

ಅಂದು ಬೆಳಿಗ್ಗೆ ಹೆಂಚು ಸುಡುವ ಭಟ್ಟಿಯ ಬಾಗಿಲಲ್ಲೇ ಅವನ ಜೊತೆಗಾರ ಚೆನ್ನಪ್ಪ ಎದೆ ಹಿಡಿದುಕೊಂಡು ಕುಸಿದಿದ್ದ. ಅತ್ತಾವರದ ಆಸ್ಪತ್ರೆಗೆ ಸಾಗಿಸಿದ್ದರು. ಸಂಜೆ ಆಫೀಸಿನ ರೈಟರ್ ಲಿಗೋರಿ ಚೆನ್ನಪ್ಪನ ಬುತ್ತಿ ಹಿಡಿದುಕೊಂಡು ಬಂದರು.

"ಇದನ್ನು ಮನೆಗೆ ಮುಟ್ಟಿಸಿ, ಅವ ಆಸ್ಪತ್ರೆಯಲ್ಲಿದ್ದಾನೆ ಅಂತ ಹೇಳ್ಬೇಕು. ಯಾರು ಹೋಗ್ತೀರಿ?"

"ನಾನು ಹೋಗ್ತೇನೆ. ನನ್ನ ದಾರಿಯೇ ಅಲ್ವಾ," ಎಂದ ಮಮ್ಮು.

ಗೇಟು ದಾಟುವಷ್ಟರಲ್ಲಿ ಲಿಗೋರಿ ಏದುಸಿರು ಬಿಡುತ್ತಾ ಓಡಿಬಂದರು. "ಮಮ್ಮು, ಆಸ್ಪತ್ರೆಯಿಂದ ಫೋನ್ ಬಂತು ಮಾರಾಯ. ಚೆನ್ನಪ್ಪ ಹೋದ. ಹೇಗೂ ನೀನು ಹೋಗ್ತಾ ಇದ್ದೀಯಲ್ಲ... ಅದನ್ನೂ ಹೇಳಿಬಿಡು."

ಅದನ್ನೂ ಅಂತೆ! ಉಪ್ಪು ತರಲು ಹೊರಟವನಿಗೆ ಮೆಣಸೂ ತಾ ಎಂದ ಹಾಗೆ. ಮಮ್ಮು ಜೊತೆಗೆ ಯಾರಾದರೂ ಬರುತ್ತಾರೋ ಎಂದು ತಿರುಗಿ ನೋಡಿದರೆ ಅಂಗಳದಲ್ಲಿ ಒಬ್ಬ ಪುಣ್ಯಾತ್ಮನೂ ಇಲ್ಲ.

ಚೆನ್ನಪ್ಪನ ಮನೆಯಲ್ಲಿ ಮಕ್ಕಳಿಬ್ಬರು ಹಸಿವೆಂದು ರಾಗ ಎಳೆಯುತ್ತಿದ್ದರು. ಅವನ ಹೆಂಡತಿ ಹೇಮಾಕ್ಷಿ ಒದ್ದೆ ಸೌದೆಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಒಲೆ ಆಗಷ್ಟೇ ಹತ್ತಿಕೊಂಡಿತ್ತು.

"ಎಂತ ಬ್ಯಾರಿಗಳೇ, ನೀವು ಬಂದದ್ದು? ಇವರೆಲ್ಲಿ?"

ಸುದ್ದಿ ನಾಲಗೆಯ ತುದಿಗೆ ಬಂದಿತ್ತು. ಆದರೆ ಇವರಲ್ಲಿ ಸಾವಿನ ಮನೆಯ ಒಲೆ ಉರಿಯುವುದಿಲ್ಲ, ಅದು ಮುಸಲ್ಮಾನನಾದ ಮಮ್ಮುವಿಗೂ ಗೊತ್ತು. ಈಗ ಬಾಯಿಬಿಟ್ಟರೆ ಈ ಮಕ್ಕಳಿಗೆ ತುತ್ತು ಕೊಡಬೇಕೆಂದು ನೆನಪಾಗುವುದು ಯಾರಿಗೆ? ಅವರ ಊಟ ಆಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ.

"ಅವನಿಗೆ ಭಟ್ಟಿಯ ಕೆಲಸ ಉಂಟು, ತಡ ಆಗ್ತದೆ. ಮಧ್ಯಾಹ್ನ ಧಣಿಗಳೇ ಊಟ ಹಾಕಿಸಿದ್ರು. ಬುತ್ತಿ ಹಾಗೆಯೇ ಉಂಟು, ಮಕ್ಕಳಿಗೆ ಕೊಡಿ ಅಕ್ಕ."

ಹಾಳು ಸುಳ್ಳು, ಎಷ್ಟು ಸಲೀಸಾಗಿ ಬಂತು! ಹೇಮಾಕ್ಷಿಯ ಮುಖ ಅರಳಿತು.

"ಧಣಿಗಳು ಊಟ ಹಾಕಿಸಿದ್ರಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದು ನಗುತ್ತಾ ಬುತ್ತಿ ಬಿಚ್ಚಿದಳು. ಕುಚ್ಚಲಕ್ಕಿ ಅನ್ನ, ಹುರುಳಿ ಚಟ್ನಿ, ಹುರಿದ ಬಂಗುಡೆ. ಮಕ್ಕಳು ಅಪ್ಪನ ಬುತ್ತಿಯನ್ನು ಕಿತ್ತಾಡಿಕೊಂಡು ಉಂಡರು. ಉಣ್ಣಿ ಮಕ್ಕಳೇ, ಹೊಟ್ಟೆ ತುಂಬ ಉಣ್ಣಿ ಎಂದು ಜಗಲಿಯಲ್ಲಿ ಕುಳಿತ ಮಮ್ಮುವಿನ ಕರುಳು ಕೂಗಿಕೊಳ್ಳುತ್ತಿತ್ತು.

ಮಕ್ಕಳು ಕೈ ತೊಳೆದರು. ಬಂಗುಡೆಯ ದಪ್ಪನೆಯ ನಡುತುಂಡನ್ನು ಮಾತ್ರ ಹೇಮಾಕ್ಷಿ ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟಿದ್ದಳು.

"ನೀವೂ ಉಣ್ಣಿ ಅಕ್ಕ," ಎಂದ ಮಮ್ಮು. "ಎರಡು ತುತ್ತಾದರೂ."

"ಅದು ಅವರಿಗೆ. ಅವರು ಉಣ್ಣದೆ ನಾನು ಯಾವತ್ತಾದರೂ ಉಂಡದ್ದುಂಟಾ? ಎಷ್ಟು ತಡವಾದರೂ ಕಾಯ್ತೇನೆ."

ಇದನ್ನು ಮಮ್ಮು ಯೋಚಿಸಿಯೇ ಇರಲಿಲ್ಲ. ಎದ್ದು ನಿಂತ. ಜಗಲಿಯ ಕಂಬ ಹಿಡಿದುಕೊಂಡ.

"ಕಾಯ್ಬೇಡಿ ಅಕ್ಕ," ಎಂದವನೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಹೇಮಾಕ್ಷಿ ಅವನನ್ನು ನೋಡಿದಳು, ಖಾಲಿಯಾದ ಬುತ್ತಿಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಉರಿಯುವ ಒಲೆಗೆ ಚೊಂಬಿನ ನೀರು ಸುರಿದಳು.

"ಯಾಕಮ್ಮ ನಂದಿಸಿದ್ದು?" ಸಣ್ಣವಳು ಕೇಳಿದಳು. "ಅಪ್ಪನಿಗೆ ಗಂಜಿ ಬೇಡ್ವಾ?"

ಆಗ ಹೇಮಾಕ್ಷಿ ಕೂಗಿ ಅತ್ತಳು. ಮಮ್ಮು ಬೇರೆ ಯಾರಿಗೂ ಹೇಳಬೇಕಾಗಲಿಲ್ಲ. ಓಣಿಯ ಕೊನೆಯ ಮನೆಯವರೆಗೂ ಸುದ್ದಿ ಮುಟ್ಟಿತು.